ಬೀಳಬೇಕಾಗಿದ್ದ ಕಂಬ

ಮೇಸ್ತ್ರಿ ಆ ಬೆಳಗ್ಗೆ ಶೂ ಲೇಸನ್ನು ಮೂರು ಸಲ ಬಿಚ್ಚಿ ಕಟ್ಟಿದ. ಮೊದಲ ಸಲ ಸಡಿಲವಾಯಿತು, ಎರಡನೇ ಸಲ ಬಿಗಿಯಾಯಿತು, ಮೂರನೇ ಸಲ ಯಾಕೆ ಬಿಚ್ಚಿದನೆಂದು ಅವನಿಗೇ ಗೊತ್ತಾಗಲಿಲ್ಲ. ಮೂವತ್ತೊಂದು ವರ್ಷ ಕಂಬಿ ಕಟ್ಟಿದ ಕೈ ಅದು. ಕೆಲಸದ ಜಾಗದಲ್ಲಿ ಅವನಿಗೆ ‘ಬಿಗಿ ಮೇಸ್ತ್ರಿ’ ಎಂದೇ ಹೆಸರು. ಅವನು ತಂತಿ ಸುತ್ತಿ ತಿರುಚಿದ ಗಂಟನ್ನು ಕತ್ತರಿಸಬಹುದೇ ಹೊರತು ಬಿಚ್ಚಲಾಗದು ಎನ್ನುತ್ತಿದ್ದರು. ಅಂಥವನಿಗೆ ಇವತ್ತು ಒಂದು ಲೇಸು ಒಲಿಯಲಿಲ್ಲ.

“ಏನೋ ಅದು, ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡ್ತಿದೀಯ?” ಅಡುಗೆಮನೆಯಿಂದ ಅಕ್ಕ ಕೇಳಿದಳು. ಅಕ್ಕ ನಗರದ ಬಸ್ಸು ಓಡಿಸುವವಳು, ಕೆಳಗಿನ ಮನೆಯವಳು. ಮೇಸ್ತ್ರಿಯ ಹೆಂಡತಿ ಮಗಳ ಮನೆಗೆ ಹೋಗಿ ವಾರವಾಗಿತ್ತು. ತಮ್ಮ ಬರೀ ಚಹಾ ಕುಡಿದು ಬದುಕುತ್ತಾನೆಂದು ಅಕ್ಕ ದಿನಾ ಬೆಳಗ್ಗೆ ಯೂನಿಫಾರ್ಮಿನಲ್ಲೇ ಮೇಲೆ ಬಂದು ತಿಂಡಿ ಮಾಡಿಟ್ಟು ಹೋಗುತ್ತಿದ್ದಳು.

“ಇವತ್ತು ಅಲುಗಿಸ್ತಾರೆ ಅಕ್ಕ.”

“ಅಲುಗಿಸ್ಲಿ. ಎಂಟು ತಿಂಗಳಿಂದ ಅಲುಗಿಸ್ತಾರೆ, ಅಲುಗಿಸ್ತಾರೆ ಅಂತ ಹೇಳ್ತಾನೇ ಇದೀಯ. ನಿನ್ನ ಮದುವೆ ದಿನಾನೂ ನೀನು ಹಿಂಗೆ ಒದ್ದಾಡಿರ್ಲಿಲ್ಲ.”

“ನೀನು ದಿನಕ್ಕೆ ಎಷ್ಟು ಸಲ ದಾಟ್ತೀಯ, ನದಿ ಸೇತುವೆ?”

“ಆರು. ಶನಿವಾರ ಎಂಟು. ಯಾಕೆ?”

“ಸುಮ್ನೆ.”

“ನೀನು ಹುಟ್ಟಿದಾಗಿಂದ ಸುಮ್ನೆ ಒಂದು ಮಾತು ಕೇಳಿದ್ದು ನಾನು ಕಾಣೆ. ತಟ್ಟೆ ಮುಂದೆ ಕೂತ್ಕೋ. ತಿನ್ನು.”

ಅವನು ಕುಳಿತ. ಎರಡು ತುತ್ತು ತಿಂದ. ಮೂರನೆಯದನ್ನು ಅಕ್ಕ ಆ ಕಡೆ ತಿರುಗಿದಾಗ ಡಬ್ಬಿಗೆ ಹಾಕಿದ.

ಅಲುಗಿಸುವುದು ಅಂದರೆ ಏನೆಂದು ಹೇಳಿಬಿಡುತ್ತೇನೆ. ಊರ ಹೊರಗೆ ವಿಮಾನ ನಿಲ್ಲಿಸುವಷ್ಟು ದೊಡ್ಡ ಶೆಡ್ಡೊಂದಿದೆ. ಅದರೊಳಗೆ ನೆಲಮಟ್ಟಕ್ಕೆ ಕೂರಿಸಿದ ಉಕ್ಕಿನ ಮೇಜು, ಒಂದು ಮನೆ ಕಟ್ಟುವಷ್ಟು ಅಗಲ. ಕೆಳಗೆ ಎಣ್ಣೆಯ ಒತ್ತಡದಲ್ಲಿ ನುಗ್ಗಿ ಹಿಂದೆ ಸರಿಯುವ ದಪ್ಪ ದಪ್ಪ ಪಿಸ್ಟನ್ನುಗಳು. ಎಲ್ಲೋ ಎಂದೋ ಭೂಮಿ ನಡುಗಿದಾಗ ಯಂತ್ರಗಳು ಬರೆದಿಟ್ಟ ಗೀರನ್ನು ಕಂಪ್ಯೂಟರಿಗೆ ಕೊಟ್ಟರೆ ಮೇಜು ಅದೇ ನಡುಕವನ್ನು ಚಾಚೂ ತಪ್ಪದೆ ನಡುಗುತ್ತದೆ. ಮೇಜಿನ ಮೇಲೆ ಸೇತುವೆ ಕಟ್ಟಿ ನಿಲ್ಲಿಸಿದರೆ, ನಿಜವಾದ ಸೇತುವೆಗೆ ಏನಾಗುತ್ತದೆಂದು ಯಾರೂ ಸಾಯದೆ ನೋಡಬಹುದು.

ಈ ಸಲ ಕಟ್ಟಿದ್ದು ಎರಡು ಕಂಬ, ಮೇಲೊಂದು ರಸ್ತೆಯ ತುಂಡು, ನಿಜದ ಅರ್ಧ ಅಳತೆ. ನಕ್ಷೆ ಐವತ್ತು ವರ್ಷ ಹಳೆಯದು. ಆಗಿನ ಕಾಲದಲ್ಲಿ ಹೇಗೆ ಕಟ್ಟುತ್ತಿದ್ದರೋ ಹಾಗೇ ಕಟ್ಟಬೇಕು ಎಂದರು ಮೇಡಂ. ಮೇಡಂ ಅಂದರೆ ಶೆಡ್ಡಿನ ದೊಡ್ಡ ಎಂಜಿನಿಯರು. ಕುಳ್ಳಗೆ, ಕಿವಿಯ ಹಿಂದೆ ಯಾವಾಗಲೂ ಪೆನ್ಸಿಲು, ಒಂದು ಮಾತಿಗೆ ಒಂದೇ ಮಾತು.

ನಕ್ಷೆ ನೋಡಿದ ದಿನವೇ ಮೇಸ್ತ್ರಿ ಜಗಳ ತೆಗೆದಿದ್ದ. “ಏನು ಮೇಡಂ ಇದು? ರಿಂಗು ರಿಂಗಿನ ಮಧ್ಯೆ ಕೈ ಅಲ್ಲ, ತಲೆ ತೂರತ್ತೆ. ಕೊಕ್ಕೆ ನೋಡಿದ್ರೆ ಬರೀ ಲಂಬಕೋನಕ್ಕೆ ಬಗ್ಗಿಸಿ ಬಿಟ್ಟಿದ್ದಾರೆ. ಇಷ್ಟು ಕೆಟ್ಟದಾಗಿ ಕಟ್ಟೋಕೆ ನನ್ನನ್ಯಾಕೆ ಕರೆಸಿದ್ರಿ? ಯಾರಾದ್ರೂ ಕುಡುಕನ್ನ ಕರೆಸಬೇಕಿತ್ತು.”

“ಕುಡುಕ ತನಗೆ ಬಂದ ಹಾಗೆ ಕೆಟ್ಟದಾಗಿ ಕಟ್ತಾನೆ ಮೇಸ್ತ್ರಿ. ನನಗೆ ಬೇಕಿರೋದು ಅಳತೆ ಪ್ರಕಾರ ಕೆಟ್ಟದ್ದು. ಅದಕ್ಕೇ ನೀವು.”

ಹೊಗಳಿದರೋ ಬೈದರೋ ತಿಳಿಯದೆ ಅವನು ಕೆಲಸ ಶುರುಮಾಡಿದ.

ಕಂಬದ ಉದ್ದ ಕಂಬಿಗಳನ್ನು ಸುತ್ತಲೂ ಅಪ್ಪಿ ಹಿಡಿಯುವುದು ರಿಂಗು. ರಿಂಗಿನ ಎರಡು ತುದಿಗಳು ಮೂಲೆಯಲ್ಲಿ ಸೇರುವ ಕಡೆ ಕೊಕ್ಕೆ. ಆ ಕೊಕ್ಕೆಯನ್ನು ಕಂಬದ ಹೊಟ್ಟೆಯೊಳಕ್ಕೆ ಪೂರ್ತಿ ಬಗ್ಗಿಸಿದರೆ, ಹೊರಗಿನ ಕಾಂಕ್ರೀಟು ಉದುರಿದರೂ ರಿಂಗು ಹಿಡಿತ ಬಿಡುವುದಿಲ್ಲ. ಬರೀ ಲಂಬಕೋನಕ್ಕೆ ಬಗ್ಗಿಸಿದರೆ ಹೊರಗಿನ ಪದರ ಉದುರಿದ ಕೂಡಲೇ ಕೊಕ್ಕೆ ಬಿಚ್ಚಿಕೊಳ್ಳುತ್ತದೆ. ಮೇಸ್ತ್ರಿಗೆ ಕೆಲಸ ಕಲಿಸಿದ ಸೋದರಮಾವ ಲಂಬಕೋನದ ಕೊಕ್ಕೆ ಕಂಡರೆ ಅದೇ ಕಂಬಿಯಿಂದ ಬೆರಳ ಗೆಣ್ಣಿಗೆ ಒಂದು ಕೊಡುತ್ತಿದ್ದ. “ಬಾಗಿಲು ಎಳ್ಕೊಂಡು ಚಿಲಕ ಹಾಕ್ದೆ ಮಲಗ್ತಾರೇನೋ ಮಂಗ?”

ಮೇಸ್ತ್ರಿ ನಕ್ಷೆಯಂತೆಯೇ ಕಟ್ಟಿದ. ಮೇಡಂ ಟೇಪು ಹಿಡಿದು ಅಳೆದರು, ಫೋಟೋ ತೆಗೆಸಿದರು, ಸಹಿ ಹಾಕಿದರು. ಮಾರನೇ ಬೆಳಗ್ಗೆ ಕಾಂಕ್ರೀಟು ಸುರಿಯಲು ಸೆಂಟ್ರಿಂಗ್ ಹಲಗೆ ಮುಚ್ಚುವ ಮುಂಚೆ ‘ತಂತಿ ಒಂಚೂರು ಬಿಗಿ ಮಾಡ್ತೀನಿ’ ಎಂದು ಅವನೊಬ್ಬನೇ ಕಂಬಿಗಳ ಗೂಡಿನೊಳಗೆ ಇಳಿದ. ಎದುರಿಗೆ ಕೆಳಗಿನ ಹದಿನಾಲ್ಕು ರಿಂಗುಗಳು, ಹದಿನಾಲ್ಕು ಚಿಲಕವಿಲ್ಲದ ಬಾಗಿಲುಗಳು. ಕಂಬ ಸೋಲುವುದೇ ಆ ಕೆಳಭಾಗದಲ್ಲಿ. ಕಂಬಿ ಬಗ್ಗಿಸುವ ಕಬ್ಬಿಣದ ಕೀಲಿ ಕೈಯಲ್ಲೇ ಇತ್ತು. ಒಂದನ್ನು ಒಳಕ್ಕೆ ಬಗ್ಗಿಸಿದ. ಬಗ್ಗಿಸಿದ್ದು ಎಷ್ಟು ಚೆಂದ ಕಂಡಿತೆಂದರೆ, ಪಕ್ಕದ್ದು ವಿಕಾರವಾಗಿ ಕಂಡಿತು. ಅದನ್ನೂ ಬಗ್ಗಿಸಿದ. ಕಂಬಿಗಳಿಗೆ ಅಂಟಿಸಿದ್ದ ಕೂದಲೆಳೆಯಂಥ ಅಳತೆಯ ವೈರುಗಳಲ್ಲಿ ಒಂದೂ ಕಡಿಯದಂತೆ, ಎರಡು ಕಂಬಗಳಲ್ಲೂ ಹದಿನಾಲ್ಕು ಹದಿನಾಲ್ಕು ಮುಗಿಸಿ ಮೇಲೆ ಬಂದಾಗ ಅವನಿಗೆ ಸ್ನಾನ ಮಾಡಿದಷ್ಟು ಹಗುರವಾಗಿತ್ತು. ನನ್ನ ಕೈಯ ಕೆಲಸ ನಾಲ್ಕು ಜನರೆದುರು ಬೀಳಬಾರದು ಅಂದುಕೊಂಡಿದ್ದನೇ ಹೊರತು ಅದರಾಚೆ ಯೋಚಿಸಿರಲಿಲ್ಲ.

ಆಚೆಗಿನದು ಗೊತ್ತಾದದ್ದು ನಿನ್ನೆ. ರಸ್ತೆ ಇಲಾಖೆಯ ಅಧಿಕಾರಿಯೊಬ್ಬರು ಪರೀಕ್ಷೆ ನೋಡಲು ಒಂದು ದಿನ ಮುಂಚೆಯೇ ಬಂದಿದ್ದರು. ಮೇಡಂ ಅವರಿಗೆ ಹೇಳುತ್ತಿದ್ದುದು ಏಣಿ ಎತ್ತಿಡುತ್ತಿದ್ದ ಮೇಸ್ತ್ರಿಯ ಕಿವಿಗೂ ಬಿತ್ತು. ಇದೇ ನಕ್ಷೆಯ ಸೇತುವೆಗಳು ಒಟ್ಟು ತೊಂಬತ್ತೆರಡಿವೆ. ನಾಳೆ ಈ ಕಂಬ ಬಿದ್ದರೆ ಅವೆಲ್ಲಕ್ಕೂ ಉಕ್ಕಿನ ಕವಚ ತೊಡಿಸಬೇಕು. ನಿಂತರೆ ಅವು ಇರುವ ಹಾಗೇ ಇರಬಹುದು. “ನಮ್ಮ ನದಿ ಸೇತುವೇನೂ ಇದೇ ಜಾತಿ” ಎಂದರು ಅಧಿಕಾರಿ.

ಆಗಿನಿಂದ ಅವನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದ. ಹೇಳಿದರೆ ಎಂಟು ತಿಂಗಳ ಕೆಲಸ ಮಣ್ಣುಪಾಲು, ಮೂವತ್ತೊಂದು ವರ್ಷದ ಹೆಸರೂ ಅದರ ಜೊತೆಗೆ. ಹೇಳದಿದ್ದರೆ ದಿನಕ್ಕೆ ಆರು ಸಲ, ಶನಿವಾರ ಎಂಟು ಸಲ, ಅಕ್ಕ.

ಶೆಡ್ಡಿನಲ್ಲಿ ಕಂಬಗಳಿಗೆ ಸುಣ್ಣ ಬಳಿದು ಕಪ್ಪು ಗೀಟಿನ ಚೌಕಗಳನ್ನು ಎಳೆದಿದ್ದರು, ಬಿರುಕು ಬಿಟ್ಟರೆ ಕಾಣಲೆಂದು. ರಸ್ತೆಯ ತುಂಡಿಗೆ ಮೇಲಿನ ಕ್ರೇನಿನಿಂದ ದಪ್ಪ ಸರಪಳಿಗಳು ಸಡಿಲವಾಗಿ ಇಳಿಬಿದ್ದಿದ್ದವು. ಬಿದ್ದರೆ ಮೇಜಿನ ಮೇಲೆ ಅಪ್ಪಳಿಸದೆ ಜೋತುಬೀಳಲಿ ಎಂದು. ಪಂಪು ನೋಡಿಕೊಳ್ಳುವವನನ್ನು ಎಲ್ಲರೂ ಎಣ್ಣೆಯಣ್ಣ ಎನ್ನುತ್ತಿದ್ದರು. ಅವನು ಬೆಳಗ್ಗಿನಿಂದಲೇ ಖುಷಿಯಲ್ಲಿದ್ದ.

“ಬಾ ಮೇಸ್ತ್ರಿ. ನನ್ನ ಹೆಂಡ್ತಿ ಏನಂದ್ಲು ಗೊತ್ತಾ? ಅಲ್ಲಿ ಭೂಮೀನೇ ನಡುಗಿಸ್ತೀಯಂತೆ, ಮನೇಲಿ ಒಂದು ಕುರ್ಚಿ ಸರಿಸು ಅಂದ್ರೆ ಸೊಂಟನೋವು ಅಂತೀಯ ಅಂದ್ಲು.” ಮೇಸ್ತ್ರಿ ನಗದಿದ್ದುದನ್ನು ನೋಡಿ, “ಯಾಕಯ್ಯ, ನಿನ್ನ ಕಂಬ ಬೀಳುತ್ತೆ ಅಂತ ದುಃಖಾನಾ? ಬೀಳೋಕೇ ಹುಟ್ಟಿದ್ದು ಬಿಡು ಅದು” ಎಂದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮೇಸ್ತ್ರಿ ಜೇಬು ಮುಟ್ಟಿಕೊಂಡ. ಬಗ್ಗಿಸುವ ಕೀಲಿ ಅಲ್ಲಿರಲಿಲ್ಲ. ಇರಬೇಕಾಗಿಯೂ ಇರಲಿಲ್ಲ.

ಮೇಡಂ ಹತ್ತಿರ ಎರಡು ಸಲ ಹೋದ. ಮೊದಲ ಸಲ ಅವರು ಫೋನಿನಲ್ಲಿದ್ದರು. ಎರಡನೇ ಸಲ “ಏನು ಮೇಸ್ತ್ರಿ?” ಎಂದು ಕೇಳಿಯೇ ಬಿಟ್ಟರು. “ಏನಿಲ್ಲ ಮೇಡಂ, ಕುಡಿಯೋ ನೀರು ಎಲ್ಲಿದೆ ಅಂತ” ಎಂದ. ಎಂಟು ತಿಂಗಳಿಂದ ಅದೇ ಮೂಲೆಯಲ್ಲಿ ನೀರು ಕುಡಿದವನು.

ಹನ್ನೊಂದಕ್ಕೆ ಸೈರನ್ ಕೂಗಿತು. ಎಲ್ಲರೂ ಹಳದಿ ಗೀಟಿನ ಹಿಂದೆ ಸರಿದರು. ಅಲುಗಿಸುವುದು ಒಂದೇ ಏಟಿಗಲ್ಲ. ಮೊದಲು ಹತ್ತರಲ್ಲೊಂದು ಪಾಲು, ಆಮೇಲೆ ಕಾಲು, ಅರ್ಧ, ಮುಕ್ಕಾಲು, ಕೊನೆಗೆ ಪೂರ್ತಿ. ಪ್ರತಿ ಸಲ ನಿಲ್ಲಿಸಿ, ಹತ್ತಿರ ಹೋಗಿ, ಬಿರುಕುಗಳ ಪಕ್ಕ ಮಾರ್ಕರಿನಲ್ಲಿ ಗೀಟೆಳೆದು ಬರಬೇಕು.

ಹತ್ತರಲ್ಲೊಂದು ಪಾಲಿಗೆ ಸರಪಳಿಗಳಷ್ಟೇ ಕಿಣಿಕಿಣಿ ಎಂದವು. ಕಾಲು ಪಾಲಿಗೆ ಕಾಲಡಿಯ ನೆಲ ಗುಂಯ್ ಎಂದಿತು. ಅರ್ಧಕ್ಕೆ ಕಂಬದ ಬುಡದಲ್ಲಿ ಕೂದಲಿನಂಥ ನಾಲ್ಕು ಬಿರುಕು ಬಂದವು. ಗೇಜು ಅಂಟಿಸುವ ಹುಡುಗಿ ಕೆಂಪು ಮಾರ್ಕರು ಹಿಡಿದು ಮಂಡಿಯೂರಿದಳು. ಕಂಬಿ ಎಷ್ಟು ಹಿಗ್ಗುತ್ತದೆಂದು ತಿಳಿಸುವ ಉಗುರಿನಷ್ಟು ಪಟ್ಟಿಗಳೇ ಗೇಜುಗಳು. ಅಂಥ ನೂರಿಪ್ಪತ್ತನ್ನು ಅವಳೊಬ್ಬಳೇ ಅಂಟಿಸಿದ್ದಳು.

ಮುಕ್ಕಾಲು ಶುರುವಾದಾಗ ಮೇಸ್ತ್ರಿ ಕಂಬವನ್ನು ನೋಡಲಿಲ್ಲ, ಮೇಡಂ ಮುಖ ನೋಡಿದ. ಹದಿನೆಂಟು ಸೆಕೆಂಡು ಶೆಡ್ಡಿನ ತಗಡೆಲ್ಲ ಗಡಗಡ ಎಂದಿತು. ಮೂಲೆಯ ಒಂದು ಚಕ್ಕೆ ಸಿಡಿದು ಬಿತ್ತು. ಮೇಜು ನಿಂತಿತು. ಕಂಬ ಕಂಬದ ಹಾಗೇ ನಿಂತಿತ್ತು.

ಅಧಿಕಾರಿ ಚಪ್ಪಾಳೆ ತಟ್ಟಿಬಿಟ್ಟರು. “ಹಳೇ ಕೆಲಸ ಅಂದ್ರೆ ಹಳೇ ಕೆಲಸಾನೇ ನೋಡಿ! ನಾವು ಸುಮ್ನೆ ಹೆದರಿ ಸಾಯ್ತಿದ್ವಿ. ಪೂರ್ತಿಗೂ ಇದು ಬೀಳಲ್ಲ ಮೇಡಂ, ಬರೆದಿಟ್ಕೊಳ್ಳಿ. ತೊಂಬತ್ತೆರಡೂ ನೆಮ್ಮದಿಯಾಗಿರ್ಲಿ ಬಿಡಿ.”

ಮೇಡಂ ಪರದೆಯ ಗೀರುಗಳನ್ನೇ ನೋಡುತ್ತಿದ್ದರು. ಕಿವಿಯ ಹಿಂದಿನ ಪೆನ್ಸಿಲು ಕೈಗೆ ಬಂದಿತ್ತು. “ಇಷ್ಟೊತ್ತಿಗೆ ಸೋಲಬೇಕಿತ್ತಲ್ಲ ಇದು” ಎಂದರು, ಯಾರಿಗೂ ಅಲ್ಲ. ಕಾಗದದ ಮೇಲೆ ಏನೋ ಕೂಡಿದರು, ಹೊಡೆದುಹಾಕಿದರು. “ಎರಡು ವರ್ಷದ ಲೆಕ್ಕ. ಎಲ್ಲಿ ತಪ್ಪಿದೆ ನಾನು?”

ಆ ಮಾತು ಮೇಸ್ತ್ರಿಯನ್ನು ಹಳದಿ ಗೀಟಿನಿಂದ ಈಚೆ ತಂದಿತು. ಬಯ್ಯಿಸಿಕೊಳ್ಳಲು ಅವನು ತಯಾರಿದ್ದ. ಅವರು ತಮ್ಮನ್ನೇ ಬೈದುಕೊಳ್ಳುವುದನ್ನು ಕೇಳಿಸಿಕೊಳ್ಳಲು ತಯಾರಿರಲಿಲ್ಲ.

“ಲೆಕ್ಕ ಸರಿ ಇದೆ ಮೇಡಂ.”

“ಏನಂದ್ರಿ?”

“ನಿಮ್ಮ ಲೆಕ್ಕ ಸರಿ. ಕಂಬ ತಪ್ಪು. ಕೆಳಗಿನ ಹದಿನಾಲ್ಕು ರಿಂಗಿನ ಕೊಕ್ಕೆ ನಾನು ಒಳಕ್ಕೆ ಬಗ್ಗಿಸಿಬಿಟ್ಟೆ. ಎರಡೂ ಕಂಬದಲ್ಲಿ. ನೀವು ಫೋಟೋ ತೆಗೆಸಿದ ಮೇಲೆ.”

ಎಣ್ಣೆಯಣ್ಣ ಪಂಪು ನಿಲ್ಲಿಸಿದ.

ಮೇಡಂ ಉಳಿ, ಸುತ್ತಿಗೆ ತೆಗೆದುಕೊಂಡು ಮೇಜಿನ ಮೇಲೆ ಹತ್ತಿದರು. ಚಕ್ಕೆ ಸಿಡಿದ ಮೂಲೆಯಲ್ಲಿ ತಾವೇ ಹೊಡೆದರು. ಹತ್ತು ನಿಮಿಷವಾಯಿತು. ಬೆಳ್ಳಗಿನ ಧೂಳಿನ ನಡುವೆ ರಿಂಗಿನ ಮೂಲೆ ಕಂಡಿತು. ಅಲ್ಲಿಂದ ತುದಿ, ಕಂಬದ ಹೊಟ್ಟೆಯೊಳಕ್ಕೆ ತಲೆಹಾಕಿ ಕಚ್ಚಿಕೊಂಡ ತುದಿ.

“ಯಾಕೆ ಮೇಸ್ತ್ರಿ?”

“ಬೀಳುತ್ತಲ್ಲ ಅಂತ…”

“ಬೀಳ್ಲಿ ಅಂತಾನೇ ಕಟ್ಟಿದ್ದು!” ಅವರು ಕೂಗಿದ್ದನ್ನು ಯಾರೂ ಅಂದಿನವರೆಗೆ ಕೇಳಿರಲಿಲ್ಲ. “ನೀವು ಬಿದ್ರೆ ಎತ್ತಬಹುದು, ನಾನು ಬಿದ್ರೆ ಎತ್ತಬಹುದು. ಇದು ಇಲ್ಲಿ ಬೀಳ್ದೇ ಇದ್ರೆ ಅಲ್ಲಿ ಬೀಳುತ್ತೆ. ಮೇಲೆ ಜನ ಇರ್ತಾರೆ.”

“ನಮ್ಮಕ್ಕ ಇರ್ತಾಳೆ ಮೇಡಂ” ಎಂದ ಮೇಸ್ತ್ರಿ.

ಗೇಜಿನ ಹುಡುಗಿ ಮಾರ್ಕರಿನ ಮುಚ್ಚಳ ಹಾಕುತ್ತಾ ತೆಗೆಯುತ್ತಾ ನಿಂತಿದ್ದಳು. “ನೂರಿಪ್ಪತ್ತು ಅಂಟಿಸಿದೀನಿ ಮಾವಾ. ಉಗುರು ನೋಡಿ ನನ್ನದು” ಎಂದಳು. ಮೇಸ್ತ್ರಿಯನ್ನು ಅವಳು ಮೊದಲ ದಿನದಿಂದ ಮಾವ ಎನ್ನುತ್ತಿದ್ದಳು. ಇವತ್ತು ಹಾಗೆನ್ನದಿದ್ದರೇ ಚೆನ್ನಾಗಿತ್ತು ಅನಿಸಿತು ಅವನಿಗೆ.

ಅಧಿಕಾರಿ ಗಡಿಯಾರ ನೋಡಿಕೊಂಡರು. “ಹಾಗಾದ್ರೆ ಇವತ್ತಿನದು?”

“ಬಂದಿದೀರಿ, ಪೂರ್ತಿ ನೋಡಿ ಹೋಗಿ” ಎಂದರು ಮೇಡಂ, ಕೈಯ ಧೂಳು ಕೊಡವಿಕೊಂಡು. “ಆದ್ರೆ ಇದು ನಿಮ್ಮ ಸೇತುವೆ ಅಲ್ಲ. ಇದು ಮೇಸ್ತ್ರಿ ಕಟ್ಟಿದ ಬೇರೆ ಯಾವುದೋ ಸೇತುವೆ.”

ಪೂರ್ತಿ ಅಲುಗಿಸಿದರು. ಹೊರಗಿನ ಪದರವೆಲ್ಲ ಉದುರಿತು, ಧೂಳೆದ್ದಿತು, ಸರಪಳಿಗಳು ಹುಚ್ಚು ಹಿಡಿದಂತೆ ಒದ್ದಾಡಿದವು. ಧೂಳು ಇಳಿದಾಗ ಎರಡು ಕಂಬಗಳೂ ಬರಿ ಎಲುಬಿನಲ್ಲಿ, ತುಸು ಓರೆಯಾಗಿ, ಮೇಲಿನ ಭಾರ ಹೊತ್ತು ನಿಂತಿದ್ದವು. ಒಂದು ಕೊಕ್ಕೆಯೂ ಬಿಚ್ಚಿರಲಿಲ್ಲ. ಬೇರೆ ಯಾವ ದಿನವಾದರೂ ಮೇಸ್ತ್ರಿ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದ. ಅವತ್ತು, ತಾನು ಕಟ್ಟಿದ್ದು ನಿಂತಿತಲ್ಲಾ ಎಂದು ತಲೆತಗ್ಗಿಸಿದ.

“ನಾಳೆಯಿಂದ ಬರಬೇಡಾಂದ್ರೆ ಬರಲ್ಲ ಮೇಡಂ” ಎಂದ, ಎಲ್ಲರೂ ಹೋದ ಮೇಲೆ.

“ಬರದೆ? ಹೊಸದನ್ನ ಯಾರು ಕಟ್ತಾರೆ, ನಾನಾ?” ಮೇಡಂ ಅವನ ಮುಖ ನೋಡದೆ ಹೇಳಿದರು. “ನಾಡಿದ್ದು ಕಂಬಿ ಬರುತ್ತೆ. ಈ ಸಲ ಹಲಗೆ ಮುಚ್ಚೋವರೆಗೆ ನಾನು ಪಕ್ಕದಲ್ಲಿ ಕೂತಿರ್ತೀನಿ.”

ಕೂತೇ ಇದ್ದರು. ಒಂದು ಪ್ಲಾಸ್ಟಿಕ್ ಸ್ಟೂಲು, ಮಡಿಲಲ್ಲಿ ಕಾಗದ, ಕಿವಿಯ ಹಿಂದೆ ಪೆನ್ಸಿಲು. ಆರು ವಾರ ಅವರು ಅವನೊಡನೆ ಆಡಿದ್ದು ಅಳತೆಯ ಮಾತು ಮಾತ್ರ. ಅವನು ಕೆಳಗಿನ ಇಪ್ಪತ್ತೆಂಟು ರಿಂಗುಗಳ ಕೊಕ್ಕೆಗಳನ್ನು ಲಂಬಕೋನಕ್ಕೆ ಬಗ್ಗಿಸಿ ಬಿಟ್ಟ. ಒಂದೊಂದು ಬಿಡುವಾಗಲೂ ಗೆಣ್ಣು ಚುರ್ ಎನ್ನುತ್ತಿತ್ತು, ಸೋದರಮಾವ ಹಿಂದೆಯೇ ನಿಂತ ಹಾಗೆ. ಕೈ ತಾನಾಗಿ ಇನ್ನೊಂದಿಷ್ಟು ಬಗ್ಗಿಸಲು ಹೋಗುತ್ತಿತ್ತು. ಎಡಗೈಯಿಂದ ಬಲಗೈಯನ್ನು ಹಿಡಿದು ನಿಲ್ಲಿಸಿಕೊಳ್ಳುತ್ತಿದ್ದ. ಒಳ್ಳೆ ಕೆಲಸ ಇಷ್ಟು ಕಷ್ಟವೆಂದು ಅವನಿಗೆ ಎಂದೂ ಅನಿಸಿರಲಿಲ್ಲ. ಗೇಜಿನ ಹುಡುಗಿ ಮತ್ತೆ ನೂರಿಪ್ಪತ್ತು ಅಂಟಿಸಿದಳು. ಅವಳು ಮುಗಿಸುವವರೆಗೆ ಮೇಸ್ತ್ರಿ ಲೈಟು ಹಿಡಿದು ನಿಂತ. ಮೂರನೇ ದಿನ ಅವಳು, “ಅಲ್ಲಾಡಿಸ್ಬೇಡಿ ಮಾವಾ, ನೆರಳು ಬೀಳುತ್ತೆ” ಎಂದಾಗ ಅವನಿಗೆ ಒಂದು ತುತ್ತು ಹೆಚ್ಚು ಊಟ ಸೇರಿತು.

ಕಾಂಕ್ರೀಟು ಗಟ್ಟಿಯಾದ ಮೇಲೆ ಮತ್ತೆ ಸೈರನ್ ಕೂಗಿತು. ಅದೇ ಅಧಿಕಾರಿ ಬಂದಿದ್ದರು, ಈ ಸಲ ಕೈ ಕಟ್ಟಿಕೊಂಡು. ಪೂರ್ತಿಯವರೆಗೂ ಹೋಗಬೇಕಾಗಲಿಲ್ಲ ಅನ್ನಿ. ಮುಕ್ಕಾಲಿನ ಮಧ್ಯದಲ್ಲೇ, ಆರನೇ ಸೆಕೆಂಡಿಗೆ, ಎಡಗಡೆಯ ಕಂಬದ ಬುಡ ಒಡೆಯಿತು. ಕೊಕ್ಕೆಗಳು ಮುಷ್ಟಿ ಬಿಚ್ಚಿದ ಹಾಗೆ ಒಂದರ ಮೇಲೊಂದು ಬಿಚ್ಚಿಕೊಂಡವು. ಉದ್ದ ಕಂಬಿಗಳು ಹೊರಕ್ಕೆ ಬಾಗಿದವು. ರಸ್ತೆಯ ತುಂಡು ವಾಲಿ, ಜಾರಿ, ಧಡ್ ಎಂದು ಸರಪಳಿಗಳಿಗೆ ಜೋತುಬಿತ್ತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೇಡಂ ಕಣ್ಣು ಮುಚ್ಚಿ ತೆರೆದರು. ಆಮೇಲೆ ಮೇಸ್ತ್ರಿಯ ಹತ್ತಿರ ಬಂದು, “ಚೆನ್ನಾಗಿ ಕಟ್ಟಿದೀರಿ” ಎಂದು ಮುಂದೆ ಹೋದರು.

ಕವಚ ತೊಡಿಸಲೆಂದು ನದಿ ಸೇತುವೆಯನ್ನು ಮುಂದಿನ ತಿಂಗಳೇ ಮುಚ್ಚಿದರು. ಅಕ್ಕನ ಬಸ್ಸಿಗೆ ಹನ್ನೊಂದು ಕಿಲೋಮೀಟರು ಸುತ್ತು. ಅಕ್ಕ ಮೊದಲ ವಾರ ತಮ್ಮನೊಂದಿಗೆ ಮಾತೇ ಆಡಲಿಲ್ಲ. ಎರಡನೇ ವಾರ ಅವನನ್ನು ಎಬ್ಬಿಸಿಕೊಂಡು ಹೋಗಿ ತನ್ನ ಹಿಂದಿನ ಸೀಟಿನಲ್ಲೇ ಕೂರಿಸಿದಳು. “ಕೇಳಿಸ್ಕೋ ಜನ ಏನಂತಾರೆ ಅಂತ.”

ಕೇಳಿಸಿಕೊಳ್ಳಲು ಕಷ್ಟಪಡಬೇಕಾಗಲಿಲ್ಲ. “ಐವತ್ತು ವರ್ಷ ನಿಂತಿತ್ತಪ್ಪ ಸೇತುವೆ. ಯಾವನೋ ಶೆಡ್ಡಲ್ಲಿ ಆಟದ ಸೇತುವೆ ಕಟ್ಟಿ ಬೀಳಿಸಿದನಂತೆ, ಇದನ್ನ ಮುಚ್ಚಿಬಿಟ್ರು” ಎಂದ ಹಿಂದಿನವನೊಬ್ಬ. “ಅವನಿಗೆ ಸರಿಯಾಗಿ ಕಟ್ಟೋಕೆ ಬಂದಿರಲ್ಲ ಬಿಡಿ” ಎಂದಳು ಚೀಲ ಹಿಡಿದ ಹೆಂಗಸು.

ಸಿಗ್ನಲಿನಲ್ಲಿ ಬಸ್ಸು ನಿಂತಿತು. ಕನ್ನಡಿಯಲ್ಲಿ ಅಕ್ಕನ ಕಣ್ಣುಗಳು ತಮ್ಮನನ್ನು ಹುಡುಕಿದವು. ನಗು ತಡೆದು ಅವಳ ಭುಜ ಕುಣಿಯುತ್ತಿತ್ತು.

“ಎಷ್ಟು ಹೊತ್ತಿಗೆ ಬಿತ್ತು ಅಂದೆ?”

“ಆರು ಸೆಕೆಂಡಿಗೆ.”

“ಆ ಸೇತುವೆ ಆ ತುದಿಯಿಂದ ಈ ತುದಿಗೆ ನನಗೆ ನಲವತ್ತು ಸೆಕೆಂಡು ಬೇಕು ಕಣೋ” ಎಂದಳು ಅಕ್ಕ. ನಗು ನಿಂತಿತ್ತು. ಹಸಿರು ದೀಪ ಬಂದರೂ ಒಂದು ಕ್ಷಣ ಗೇರು ಹಾಕಲಿಲ್ಲ. ಹಿಂದಿನ ಕಾರು ಹಾರನ್ ಹೊಡೆಯಿತು.

ದೂರದಲ್ಲಿ ಸೇತುವೆ ಕಂಡಿತು. ಮೊದಲನೇ ಕಂಬಕ್ಕೆ ಉಕ್ಕಿನ ಕವಚ ಏರುತ್ತಿತ್ತು. ಉಳಿದ ಹನ್ನೆರಡು ಬೋಳಾಗಿ ನೀರಿನಲ್ಲಿ ನಿಂತಿದ್ದವು. ಮೇಸ್ತ್ರಿ ಎಣಿಸಿದ. ಮತ್ತೆ ಎಣಿಸಿದ. ತೊಂಬತ್ತೆರಡರಲ್ಲಿ ಇದೊಂದು, ಇದರಲ್ಲಿ ಒಂದು ಕಂಬ. ಅವನ ಕೈಗೆ ಸುಮ್ಮನಿರಲಾಗಲಿಲ್ಲ. ಬಸ್ಸಿನ ಟಿಕೇಟಿನ ತುದಿಯನ್ನು ಬಗ್ಗಿಸಿತು, ಒಳಕ್ಕೆ, ಇನ್ನೂ ಒಳಕ್ಕೆ.

“ಟಿಕೇಟು ಹರೀಬೇಡ್ವೋ” ಎಂದಳು ಅಕ್ಕ, ರಸ್ತೆಯಿಂದ ಕಣ್ಣು ತೆಗೆಯದೆ. “ಇಳಿಯುವಾಗ ಕೇಳ್ತಾರೆ.”